ಫೇರ್‌ಫೀಲ್ಡಿನ ಸಾರೋಟು ತಂಗುಮನೆ

ಕೇಳುಗರಿಗೆ ನಮಸ್ಕಾರ. ಅಮೆರಿಕದ ಯೂಟಾ ರಾಜ್ಯದಲ್ಲಿ, ಸಾಲ್ಟ್ ಲೇಕ್ ಸಿಟಿಯ ನೈಋತ್ಯಕ್ಕೆ ಸುಮಾರು 65 ಕಿಲೋಮೀಟರ್ ದೂರದಲ್ಲಿ, ಸೀಡರ್ ಕಣಿವೆಯ ನಡುವೆ ಫೇರ್‌ಫೀಲ್ಡ್ ಎಂಬ ಪುಟ್ಟ ಊರಿದೆ. ಅಲ್ಲಿ ಜಾನ್ ಕಾರ್ಸನ್ 1858ರಲ್ಲಿ ಕಟ್ಟಿಸಿದ ಎರಡಂತಸ್ತಿನ ಮನೆಯೊಂದು ಇಂದು ವಸ್ತುಸಂಗ್ರಹಾಲಯವಾಗಿದೆ. ಕುದುರೆ ಸಾರೋಟಿನಲ್ಲಿ ಬಂದವರು ಉಂಡು ಮಲಗುತ್ತಿದ್ದ ಮನೆ ಅದು. ಛತ್ರವೆನ್ನೋಣವೆಂದರೆ, ನಮ್ಮ ಛತ್ರಗಳಂತೆ ಧರ್ಮಾರ್ಥ ವಸತಿಯಲ್ಲ. ದುಡ್ಡು ಕೊಟ್ಟು ಇಳಿದುಕೊಳ್ಳುವ ಹೋಟೆಲು.

ಕಾರ್ಸನ್ ಮತ್ತು ಅವನ ಜೊತೆಯವರು ಅಲ್ಲಿ ನೆಲೆಯೂರಿದ್ದು 1855ರಲ್ಲಿ. ಆ ಹಳ್ಳಿಯ ಹಣೆಬರಹ ಬದಲಾದದ್ದು ಸೇನೆಯಿಂದ. ಯೂಟಾದಲ್ಲಿ ನೆಲೆಸಿದ್ದ ಮಾರ್ಮನ್ ಎಂಬ ಕ್ರೈಸ್ತ ಪಂಥದವರು ಸರ್ಕಾರದ ವಿರುದ್ಧ ದಂಗೆ ಎದ್ದಿದ್ದಾರೆಂದು ನಂಬಿದ ಅಧ್ಯಕ್ಷ ಬುಕ್ಯಾನನ್ 1857ರಲ್ಲಿ ಕಳಿಸಿದ ದಂಡು, ಆಲ್ಬರ್ಟ್ ಸಿಡ್ನಿ ಜಾನ್‌ಸ್ಟನ್‌ನ ನಾಯಕತ್ವದಲ್ಲಿ ಮರುವರ್ಷದ ಬೇಸಿಗೆಯಲ್ಲಿ ಬಂದು ಮುಟ್ಟುವ ಹೊತ್ತಿಗೆ ರಾಜಿಯಾಗಿತ್ತು. ಕಾದಾಡಲು ಬಂದವರಿಗೆ ಕಾದಾಟವೇ ಇಲ್ಲದೆ, ಸುಮಾರು 3,500 ಸೈನಿಕರು ಫೇರ್‌ಫೀಲ್ಡಿನ ಪಕ್ಕದಲ್ಲಿ ಬೀಡುಬಿಟ್ಟು, ಯುದ್ಧಮಂತ್ರಿ ಜಾನ್ ಫ್ಲಾಯ್ಡ್‌ನ ಹೆಸರಿನಲ್ಲಿ ‘ಕ್ಯಾಂಪ್ ಫ್ಲಾಯ್ಡ್’ ಕಟ್ಟಿದರು. ಸಿಪಾಯಿಗಳ ಸಂಬಳದ ವಾಸನೆ ಹಿಡಿದು ವ್ಯಾಪಾರಿಗಳು, ಜೂಜುಗಾರರು ಬಂದರು. ಹೆಂಡದಂಗಡಿಗಳೇ 17 ಆದವು.

ಇಂಥ ಊರಿನಲ್ಲಿ ಕಾರ್ಸನ್ನನ ಮನೆಯ ಕಟ್ಟುಪಾಡು ಬೇರೆ. ಅಲ್ಲಿ ಹೆಂಡವಿಲ್ಲ, ಗಂಡುಹೆಣ್ಣು ಒಬ್ಬರನ್ನೊಬ್ಬರು ಹಿಡಿದುಕೊಂಡು ಗಿರಕಿ ಹೊಡೆಯುವ ಕುಣಿತಕ್ಕೂ ಅಪ್ಪಣೆಯಿಲ್ಲ. ಅವನೂ ಹೆಂಡವನ್ನು ದೂರವಿಡುವ ಮಾರ್ಮನ್ ಪಂಥದವನೇ. ಕಟ್ಟಡವಾದರೋ ಸರಳ: ಮಣ್ಣು ಕಲಸಿ, ಅಚ್ಚಿನಲ್ಲಿ ಒತ್ತಿ, ಸುಡದೆ ಬಿಸಿಲಿಗೆ ಒಣಗಿಸಿದ ಹಸಿ ಇಟ್ಟಿಗೆಯ ಗೋಡೆ, ಜೊತೆಗೆ ಮರದ ಕಟ್ಟು.

1860ರ ಏಪ್ರಿಲ್‌ನಲ್ಲಿ ‘ಪೋನಿ ಎಕ್ಸ್‌ಪ್ರೆಸ್’ ಎಂಬ ಕುದುರೆ ಅಂಚೆ ಶುರುವಾದಾಗ ಫೇರ್‌ಫೀಲ್ಡ್ ಅದಕ್ಕೂ ನಿಲ್ದಾಣವಾಯಿತು. ಅಂಚೆಯನ್ನು ಚೀಲದಲ್ಲಿ ಕಟ್ಟುತ್ತಿರಲಿಲ್ಲ; ನಾಲ್ಕು ಮೂಲೆಗೆ ನಾಲ್ಕು ಜೇಬು ಹೊಲಿದ ತೊಗಲಿನ ಹೊದಿಕೆಯನ್ನು ಜೀನಿನ ಮೇಲೆ ಹಾಸಿ, ಅದರ ಮೇಲೆ ಸವಾರ ಕೂರುತ್ತಿದ್ದ. ಕುದುರೆ ಬದಲಾಯಿಸುವಾಗ ಹೊದಿಕೆಯನ್ನು ಎಳೆದು ಹೊಸ ಕುದುರೆಯ ಮೇಲೆ ಎಸೆದರಾಯಿತು, ಜೀನು ಬಿಚ್ಚುವ ಗೋಜಿಲ್ಲ. ಮಿಸೌರಿಯಿಂದ ಕ್ಯಾಲಿಫೋರ್ನಿಯಕ್ಕೆ ಪತ್ರ ಹೀಗೆ ಹತ್ತು ದಿನಗಳಲ್ಲಿ ತಲುಪುತ್ತಿತ್ತು. ಇಷ್ಟು ಜಾಣತನದ ಏರ್ಪಾಡು ಬಾಳಿದ್ದು ಒಂದೂವರೆ ವರ್ಷ; 1861ರ ಅಕ್ಟೋಬರಿನಲ್ಲಿ ತಂತಿ ಸಂಪರ್ಕ ಪೂರ್ಣಗೊಂಡದ್ದೇ ಅದರ ಕೆಲಸ ಮುಗಿಯಿತು.

ಅಷ್ಟರಲ್ಲಿ ಸೇನೆಯೂ ಹೊರಟುಹೋಗಿತ್ತು. ಅಂತರ್ಯುದ್ಧದ ಹೊಸ್ತಿಲಲ್ಲಿ, ದಕ್ಷಿಣದ ರಾಜ್ಯಗಳು ಒಕ್ಕೂಟದಿಂದ ಸಿಡಿದು ಹೋಗತೊಡಗಿದಾಗ ಫ್ಲಾಯ್ಡ್ ಅವರ ಕಡೆ ವಾಲಿದ್ದರಿಂದ, ಬಂಡಾಯ ಅಡಗಿಸಲು ಬಂದ ದಂಡಿನ ಬೀಡಿಗೆ ಬಂಡಾಯಗಾರನ ಹೆಸರು ಎಂಬ ಮುಜುಗರ ಎದುರಾಗಿ, ಅದನ್ನು ‘ಫೋರ್ಟ್ ಕ್ರಿಟೆಂಡೆನ್’ ಎಂದು ಬದಲಿಸಬೇಕಾಯಿತು. ಯುದ್ಧ ಹೊತ್ತಿಕೊಂಡ ಮೇಲೆ, 1861ರ ಜುಲೈನಲ್ಲಿ ಸಿಪಾಯಿಗಳು ಪೂರ್ವಕ್ಕೆ ನಡೆದರು. ಸುಮಾರು 40 ಲಕ್ಷ ಡಾಲರ್ ಬೆಲೆಯ ಸಾಮಾನು ಒಂದು ಲಕ್ಷದಷ್ಟಕ್ಕೆ ಹರಾಜಾಯಿತು. ಮಾರನೆಯ ತಿಂಗಳು ಸಾರೋಟಿನಲ್ಲಿ ಈ ದಾರಿಯಾಗಿ ಹೋದ ಲೇಖಕ ಮಾರ್ಕ್ ಟ್ವೇನ್ ಕಂಡದ್ದು ಆಗಲೇ ಹಾಳುಬಿದ್ದ ಬೀಡನ್ನು.

ಹೆಂಡದಂಗಡಿಗಳು ಕಂತೆ ಕಟ್ಟಿದವು. ಕಾರ್ಸನ್ ಕುಟುಂಬ ಕಟ್ಟಲಿಲ್ಲ. ಸಾರೋಟಿನ ಕಾಲ ಮುಗಿದು, ರೈಲು ಬಂದು, ಮೋಟಾರು ಬಂದರೂ, 1947ರವರೆಗೆ ಆ ಮನೆಯಲ್ಲಿ ಅತಿಥಿಗಳಿಗೆ ಹಾಸಿಗೆ ಸಿಗುತ್ತಿತ್ತು. ಒಂದು ಹೋಟೆಲು 89 ವರ್ಷ ನಡೆಯುವುದೇ ವಿಶೇಷ, ಅದೂ ಗಿರಾಕಿಗಳೆಲ್ಲ ಮೂರೇ ವರ್ಷಕ್ಕೆ ಖಾಲಿಯಾದ ಊರಿನಲ್ಲಿ! 1964ರಲ್ಲಿ ಯೂಟಾ ರಾಜ್ಯ ಇದನ್ನು ರಾಜ್ಯೋದ್ಯಾನವೆಂದು ಕಾಪಾಡಲು ತೊಡಗಿತು. ನೂರಾರು ಕಟ್ಟಡಗಳಿದ್ದ ಆ ದಂಡಿನ ಬೀಡಿನಿಂದ ಉಳಿದು ಬಂದಿರುವುದು ಒಂದು ಉಗ್ರಾಣದ ಕಟ್ಟಡ ಮತ್ತು ಒಂದು ಸ್ಮಶಾನ ಮಾತ್ರ. ನಮಸ್ಕಾರ.