ಹಲಗೆಯ ಕೆಳಗಿನ ಪಾಯಿಂಟ್ಸ್‌ಮನ್

ಕೇಳುಗರೇ, ನಮಸ್ಕಾರ.

ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳುವ ಜಾಗಕ್ಕೆ ನಮ್ಮ ರೈಲ್ವೆಯವರು ಪಾಯಿಂಟ್ ಎನ್ನುತ್ತಾರೆ. ಅಲ್ಲಿ ಕೆಲಸ ಮಾಡುವವರು ಪಾಯಿಂಟ್ಸ್‌ಮನ್. ಮನೆಯಲ್ಲಿ ಪ್ಲೈವುಡ್ ಮೇಲೆ ಓಡುವ ಮಾದರಿ ರೈಲಿಗೂ ಪಾಯಿಂಟ್ ಬೇಕಲ್ವಾ? ಅಲ್ಲಿ ಆ ಕೆಲಸ ಹಲಗೆಯ ಕೆಳಗೆ ಕೂತ ಪುಟ್ಟ ಮೋಟರಿನದು.

ಹೆಚ್ಚಿನವರು ಸೊಲೆನಾಯ್ಡ್ ಮೋಟರಿನಿಂದ ಶುರು ಮಾಡುತ್ತಾರೆ. ಪೀಕೋ ಕಂಪನಿಯ ಪಿಎಲ್-10 ಇದೇ ಜಾತಿಯದು. ಎರಡು ತಾಮ್ರದ ಕಾಯಿಲ್, ನಡುವೆ ಒಂದು ಕಬ್ಬಿಣದ ಸರಳು. ಯಾವ ಕಾಯಿಲಿಗೆ ಕರೆಂಟ್ ಕೊಡುತ್ತೀರೋ ಸರಳು ಆ ಕಡೆಗೆ ಹಾರುತ್ತದೆ. ಟಕ್ ಅಂತ ಹಳಿ ಬದಲಾಗುತ್ತದೆ. ಅದಕ್ಕೆ ಕರೆಂಟ್ ಬೇಕಾಗಿರುವುದು ಒಂದೇ ಕ್ಷಣ, ಆದರೆ ಜೋರಾಗಿ ಬೇಕು.

ನಾನು ಎಡವಿದ್ದು ಇಲ್ಲೇ. ಮೊದಲ ಮೋಟರಿಗೆ ದೀಪದ ಸ್ವಿಚ್ಚಿನಂಥದ್ದನ್ನೇ ಹಾಕಿದ್ದೆ. ಅದು ಆನ್ ಆಗಿ ಹಾಗೇ ಉಳಿಯಿತು. ಸ್ವಲ್ಪ ಹೊತ್ತಿಗೆ ಸುಟ್ಟ ವಾರ್ನಿಶ್ ವಾಸನೆ. ಹಲಗೆ ಎತ್ತಿ ನೋಡಿದರೆ ಕಾಯಿಲ್ ಕಪ್ಪಾಗಿತ್ತು, ಸುತ್ತಲಿನ ಪ್ಲಾಸ್ಟಿಕ್ ಸೊಟ್ಟಗಾಗಿತ್ತು. ಅದಕ್ಕೇ ಹೇಳುತ್ತೇನೆ, ಕೈ ತೆಗೆದ ಕೂಡಲೇ ಆಫ್ ಆಗುವ ಪುಶ್ ಬಟನ್ ಹಾಕಿ. ಜೊತೆಗೆ ಕೆಪಾಸಿಟರ್ ಇರುವ ಸಿಡಿಯು ಎಂಬ ಚಿಕ್ಕ ಬೋರ್ಡನ್ನು ಖಂಡಿತ ಜೋಡಿಸಿ. ಸಣ್ಣ ನಲ್ಲಿಯಲ್ಲಿ ಕೊಡ ತುಂಬಿಸಿ ಒಂದೇ ಸಲ ಸುರಿದ ಹಾಗೆ ಅದರ ಕೆಲಸ. ಬಟನ್ ಒತ್ತಿದಾಗ ಕೂಡಿಟ್ಟ ಕರೆಂಟೆಲ್ಲ ಒಮ್ಮೆಗೇ ಕಾಯಿಲಿಗೆ ಹೋಗುತ್ತದೆ. ಬಟನ್ ಸಿಕ್ಕಿಕೊಂಡರೂ ಆಮೇಲೆ ಬರುವುದು ಹನಿಯಷ್ಟೇ. ಕಾಯಿಲ್ ಉಳಿಯುತ್ತದೆ.

ವೈರಿಂಗ್ ಸುಲಭ. ಎರಡು ಕಾಯಿಲುಗಳ ಒಂದೊಂದು ತುದಿ ಸೇರಿಸಿ ಒಂದು ಕಾಮನ್ ವೈರ್. ಉಳಿದ ಎರಡು ತುದಿ ಎರಡು ಬಟನ್ನಿಗೆ. ಎಲ್ಲಾ ಪಾಯಿಂಟಿಗೂ ಆ ಕಾಮನ್ ವೈರ್ ಒಂದೇ ಸಾಕು. ಆದರೆ ಕೂದಲೆಳೆಯಂಥ ವೈರ್ ಬೇಡ. ದೂರ ಜಾಸ್ತಿಯಾದಷ್ಟೂ ಕರೆಂಟಿನ ಜೋರು ದಾರಿಯಲ್ಲೇ ಕರಗಿ, ಸರಳು ಅರ್ಧಕ್ಕೇ ನಿಲ್ಲುತ್ತದೆ.

ನಿಜವಾದ ರೈಲಿನ ಹಾಗೆ ಹಳಿ ನಿಧಾನಕ್ಕೆ ಸರಿಯಬೇಕು ಎನ್ನುವವರಿಗೆ ಟಾರ್ಟಸ್‌ನಂಥ ಮೋಟರ್ ಇದೆ. 12 ವೋಲ್ಟ್ ಡಿಸಿ. ತುದಿ ಮುಟ್ಟಿದ ಮೇಲೂ ಕರೆಂಟ್ ಹರಿಯುತ್ತಲೇ ಇರುತ್ತದೆ, ಆದರೆ ತೀರಾ ಕಡಿಮೆ, ಸುಡುವುದಿಲ್ಲ. ಪ್ಲಸ್ ಮೈನಸ್ ಅದಲುಬದಲು ಮಾಡಲು ಆರು ಕಾಲಿನ ಡಿಪಿಡಿಟಿ ಸ್ವಿಚ್ ಬೇಕು. ಎರಡು ಹಳಿ ಒಂದನ್ನೊಂದು ದಾಟುವ ಜಾಗಕ್ಕೆ, ಅಂದರೆ ಫ್ರಾಗ್‌ಗೆ, ಸರಿಯಾದ ಕರೆಂಟ್ ಕೊಡುವ ಸ್ವಿಚ್ ಈ ಮೋಟರಿನ ಒಳಗೇ ಇದೆ. ಚಿಕ್ಕ ಎಂಜಿನ್ ಫ್ರಾಗ್ ಮೇಲೆ ಗಕ್ಕನೆ ನಿಲ್ಲುವುದು ಎಷ್ಟು ಬೇಜಾರು ಅಂತ ಓಡಿಸಿದವರಿಗೇ ಗೊತ್ತು. ಪಿಎಲ್-10ರಲ್ಲಿ ಆ ಸ್ವಿಚ್ ಇಲ್ಲ, ಬೇರೆ ಕೊಳ್ಳಬೇಕು. ಆದರೆ ಟಾರ್ಟಸ್‌ಗೆ ಹಲಗೆಯ ಕೆಳಗೆ ಮೂರು ಇಂಚಿಗೂ ಜಾಸ್ತಿ ಜಾಗ ಬೇಕು, ಮೊದಲೇ ಅಳೆದುಕೊಳ್ಳಿ. ಪೀಕೋ ಪಾಯಿಂಟಿನೊಳಗಿನ ಪುಟ್ಟ ಸ್ಪ್ರಿಂಗನ್ನೂ ತೆಗೆದುಬಿಡಿ. ಅದು ನಿಧಾನದ ಮೋಟರಿನ ಜೊತೆ ಜಗ್ಗಾಡುತ್ತದೆ.

ಕಡಿಮೆ ಖರ್ಚಿನಲ್ಲಿ ಆಗಬೇಕೇ? ಹೇಳಿದಷ್ಟೇ ತಿರುಗಿ ನಿಲ್ಲುವ, 9 ಗ್ರಾಂ ತೂಕದ ಸರ್ವೋ ಮೋಟರ್ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಅದನ್ನು ನಡೆಸಲು ಆರ್ಡುಯಿನೋದಂಥ, ಪ್ರೋಗ್ರಾಂ ಬರೆದು ಹಾಕುವ ಚಿಕ್ಕ ಬೋರ್ಡ್ ಬೇಕು.

ಯಾವುದನ್ನೇ ಹಾಕಿ, ಸ್ಕ್ರೂ ಬಿಗಿಯುವ ಮುಂಚೆ ಪಾಯಿಂಟನ್ನು ಇಪ್ಪತ್ತು ಸಲ ಆಚೀಚೆ ಮಾಡಿಸಿ. ಪ್ರತಿ ಸಲವೂ ಸರಿಯುವ ಹಳಿ ಪಕ್ಕದ ಹಳಿಗೆ ಅಂಟಿ ನಿಂತರೆ, ಆಗ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳಿ.

ನಮಸ್ಕಾರ.