ಕರುಳಿನಿಂದ ಹೃದಯಕ್ಕೆ ಹೋಗುವ ದಾರಿಗಳು

ಕೇಳುಗರಿಗೆ ನಮಸ್ಕಾರ.

ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಬಹುಕಾಲ ದುಡಿದ ಜೀವವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ಅವರಿಗೆ ಮನುಷ್ಯನ ದೊಡ್ಡ ಕರುಳಿನ ಮೇಲೆ ಒಂದು ಬಗೆಯ ಹಗೆತನವೇ ಇತ್ತು. ರಕ್ತದ ಬಿಳಿಯ ಕಣಗಳು ರೋಗಾಣುಗಳನ್ನು ನುಂಗಿ ದೇಹವನ್ನು ಕಾಯುವ ಬಗೆಯನ್ನು ತೋರಿಸಿಕೊಟ್ಟು, 1908ರಲ್ಲಿ ಪೌಲ್ ಎರ್ಲಿಕ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಹಂಚಿಕೊಂಡ ಈ ವಿಜ್ಞಾನಿ, ದೊಡ್ಡ ಕರುಳಿನಲ್ಲಿ ಆಹಾರದ ಶೇಷ ಕೊಳೆತು ಹುಟ್ಟುವ ನಂಜು ರಕ್ತಕ್ಕೆ ಸೇರಿ ರಕ್ತನಾಳಗಳನ್ನು ಪೆಡಸಾಗಿಸುತ್ತದೆ, ಮುಪ್ಪನ್ನು ಬೇಗ ತರುತ್ತದೆ ಎಂದು ನಂಬಿದ್ದರು. ಹುಳಿ ಬಂದ ಹಾಲಿನ ಬ್ಯಾಕ್ಟೀರಿಯಾಗಳು ಈ ಕೊಳೆಯುವಿಕೆಯನ್ನು ತಡೆಯುತ್ತವೆಂದು ಸಾರಿದರು, ತಾವೂ ಅದನ್ನು ತಪ್ಪದೆ ಸೇವಿಸಿದರು. 1916ರಲ್ಲಿ, ತಮ್ಮ 71ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡದ್ದು ಹೃದಯದ ಕಾಯಿಲೆಯಿಂದ. ಅವರು ಕೊಟ್ಟ ವಿವರಗಳು ಬಹುಮಟ್ಟಿಗೆ ಮುಂದೆ ನಿಲ್ಲಲಿಲ್ಲ. ಆದರೆ ಕರುಳಿನಲ್ಲಿ ತಯಾರಾದ ವಸ್ತುವೊಂದು ದೂರದ ರಕ್ತನಾಳವನ್ನು ಮುಟ್ಟಬಲ್ಲದು ಎಂಬ ಅವರ ಮೂಲ ಊಹೆಗೆ, ನೂರು ವರ್ಷ ಕಳೆದ ಮೇಲೆ, ಮತ್ತೆ ಜೀವ ಬಂದಿದೆ. ಅದರಲ್ಲಿ ಎಷ್ಟು ಗಟ್ಟಿ, ಎಷ್ಟು ಜೊಳ್ಳು ಎಂಬುದನ್ನು ಇಂದು ತೂಗಿ ನೋಡೋಣ.

ಮೊದಲು ಕರುಳಿನ ನಿವಾಸಿಗಳ ವಿಚಾರ. ನಮ್ಮ ದೇಹದ ಜೀವಕೋಶಗಳಿಗಿಂತ ಬ್ಯಾಕ್ಟೀರಿಯಾಗಳು ಹತ್ತು ಪಟ್ಟು ಹೆಚ್ಚಿವೆ ಎಂಬ ಮಾತನ್ನು ನೀವು ಕೇಳಿರಬಹುದು. ಅದು ಯಾರೋ ಅಂದಾಜಿನಲ್ಲಿ ಹೇಳಿ, ಬಾಯಿಂದ ಬಾಯಿಗೆ ಹರಡಿದ ಲೆಕ್ಕ. 2016ರಲ್ಲಿ ಪ್ರಕಟವಾದ ಎಚ್ಚರಿಕೆಯ ಗಣನೆಯ ಪ್ರಕಾರ, 70 ಕಿಲೋ ತೂಗುವ ಪುರುಷನಲ್ಲಿ ಸುಮಾರು 30 ಲಕ್ಷ ಕೋಟಿ ಸ್ವಂತ ಜೀವಕೋಶಗಳೂ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳೂ ಇರುತ್ತವೆ. ಅಂದರೆ ಎರಡೂ ಹೆಚ್ಚುಕಡಿಮೆ ಸಮ. ಈ ಬ್ಯಾಕ್ಟೀರಿಯಾಗಳ ಒಟ್ಟು ತೂಕ 200 ಗ್ರಾಂನಷ್ಟು. ಅವುಗಳಲ್ಲಿ ಬಹುಪಾಲು ನೆಲೆಸಿರುವುದು ದೊಡ್ಡ ಕರುಳಿನಲ್ಲಿ. ಸಂಖ್ಯೆಗಿಂತ ಮುಖ್ಯವಾದದ್ದು ಅವುಗಳ ಕಸುಬು. ನಮ್ಮ ದೇಹಕ್ಕೆ ಒಡೆಯಲು ಬಾರದ ಅನೇಕ ವಸ್ತುಗಳನ್ನು ಅವು ಒಡೆಯುತ್ತವೆ, ಒಂದನ್ನು ಇನ್ನೊಂದಾಗಿ ಮಾರ್ಪಡಿಸುತ್ತವೆ. ಹೃದಯಕ್ಕೆ ಇವುಗಳೊಂದಿಗಿರುವ ಸಂಬಂಧವೆಲ್ಲ ಹುಟ್ಟುವುದು ಈ ಮಾರ್ಪಾಟಿನಿಂದಲೇ.

ಇದಕ್ಕೆ ನನಗೆ ಅತ್ಯಂತ ಸ್ಪಷ್ಟವಾಗಿ ಕಾಣುವ ಉದಾಹರಣೆ ಆಹಾರದ್ದಲ್ಲ, ಔಷಧದ್ದು. 1785ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಅವರು ಫಾಕ್ಸ್‌ಗ್ಲವ್ ಎಂಬ ಗಿಡದ ಎಲೆಯಿಂದ ಮೈ ಬಾವು ಇಳಿಯುವುದನ್ನು ವಿವರಿಸಿ ಬರೆದರು. ಅದೇ ಜಾತಿಯ ಗಿಡದಿಂದ ಬಂದ ಡಿಗಾಕ್ಸಿನ್ ಮಾತ್ರೆಯನ್ನು ಹೃದಯ ವೈಫಲ್ಯಕ್ಕೂ ಹೃದಯದ ಲಯ ತಪ್ಪಿದಾಗಲೂ ಇಂದಿಗೂ ಕೊಡುವುದುಂಟು. ಕಡಿಮೆಯಾದರೆ ಕೆಲಸ ಮಾಡದ, ಸ್ವಲ್ಪ ಹೆಚ್ಚಾದರೆ ವಿಷವಾಗುವ ಔಷಧವಿದು. ಸುಮಾರು ಹತ್ತು ರೋಗಿಗಳಲ್ಲಿ ಒಬ್ಬರ ದೇಹದಲ್ಲಿ ಇದರ ಗಣನೀಯ ಭಾಗ ನಿಷ್ಕ್ರಿಯವಾಗಿ ಹೊರಬೀಳುತ್ತಿತ್ತು. ಅಂಥವರಿಗೆ ಆ್ಯಂಟಿಬಯಾಟಿಕ್ ಕೊಟ್ಟಾಗ ಔಷಧ ಹಾಗೆ ವ್ಯರ್ಥವಾಗುವುದು ನಿಂತು, ರಕ್ತದಲ್ಲಿ ಅದರ ಮಟ್ಟ ಏರಿತು ಎಂದು 1981ರಲ್ಲಿ ವರದಿಯಾಯಿತು. ಔಷಧವನ್ನು ಕೆಡಿಸುತ್ತಿದ್ದುದು ರೋಗಿಯ ಯಕೃತ್ತಲ್ಲ, ಕರುಳಿನಲ್ಲಿದ್ದ ಎಗರ್ತೆಲ್ಲಾ ಲೆಂಟಾ ಎಂಬ ಬ್ಯಾಕ್ಟೀರಿಯಾ. ಆ ಪ್ರಭೇದದ ಎಲ್ಲ ತಳಿಗಳಿಗೂ ಈ ಶಕ್ತಿ ಇಲ್ಲ. ಯಾವ ಜೀನ್‌ಗಳಿದ್ದರೆ ಇರುತ್ತದೆ ಎಂಬುದು 2013ರಲ್ಲಿ ಗೊತ್ತಾಯಿತು. ಹೃದಯಕ್ಕೆ ಕೊಟ್ಟ ಮದ್ದಿನ ಪ್ರಮಾಣವನ್ನು ಕರುಳಿನ ಒಂದು ಜೀವಿ ನಿರ್ಧರಿಸುತ್ತದೆಂಬುದು ಇಲ್ಲಿ ಊಹೆಯ ಮಾತಲ್ಲ, ರಕ್ತದಲ್ಲಿ ಅಳೆದು ನೋಡಿದ ಸಂಗತಿ. ಡಿಗಾಕ್ಸಿನ್ ಸೇವಿಸುವವರು ಬೇರೊಬ್ಬ ವೈದ್ಯರಿಂದ ಆ್ಯಂಟಿಬಯಾಟಿಕ್ ಪಡೆಯುವಾಗ ಈ ಮಾತ್ರೆಯ ವಿಷಯವನ್ನು ಅವರಿಗೆ ಹೇಳಲೇಬೇಕೆಂಬುದಕ್ಕೆ ಇದೂ ಒಂದು ಕಾರಣ.

ಎರಡನೆಯ ದಾರಿ ಪಿತ್ತರಸದ್ದು. ಇದು ಹಳೆಯ ದಾರಿಯಾದ್ದರಿಂದ ಪತ್ರಿಕೆಗಳಲ್ಲಿ ಸುದ್ದಿಯಾಗುವುದು ಕಡಿಮೆ, ಆದರೆ ಇಷ್ಟು ಭದ್ರವಾದದ್ದು ಇನ್ನೊಂದಿಲ್ಲ. ಯಕೃತ್ತು ಕೊಲೆಸ್ಟ್ರಾಲನ್ನು ಪಿತ್ತಾಮ್ಲಗಳನ್ನಾಗಿ ಮಾಡಿ ಸಣ್ಣ ಕರುಳಿಗೆ ಕಳುಹಿಸುತ್ತದೆ; ಕೊಬ್ಬನ್ನು ಕರಗಿಸುವ ಕೆಲಸ ಮುಗಿದ ಮೇಲೆ ಅವುಗಳಲ್ಲಿ ಶೇಕಡಾ 95ರಷ್ಟು ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಹೀರಲ್ಪಟ್ಟು ಯಕೃತ್ತಿಗೆ ಮರಳುತ್ತವೆ. ತಪ್ಪಿಸಿಕೊಂಡು ದೊಡ್ಡ ಕರುಳಿಗೆ ಇಳಿದವನ್ನು ಬ್ಯಾಕ್ಟೀರಿಯಾಗಳು ರೂಪಾಂತರಿಸುತ್ತವೆ. ಮರಳುವ ಪ್ರಮಾಣ ತಗ್ಗಿದರೆ, ಕೊರತೆ ತುಂಬಲು ಯಕೃತ್ತು ರಕ್ತದಿಂದ ಕೊಲೆಸ್ಟ್ರಾಲನ್ನು ಸೆಳೆದುಕೊಳ್ಳಬೇಕಾಗುತ್ತದೆ. ಕೊಲೆಸ್ಟೈರಮೀನ್ ಎಂಬ ರಾಳದ ಪುಡಿ ಮಾಡುವುದು ಇದನ್ನೇ. ಅದು ರಕ್ತಕ್ಕೆ ಸೇರುವುದೇ ಇಲ್ಲ. ಕರುಳಿನಲ್ಲಿ ಪಿತ್ತಾಮ್ಲಗಳನ್ನು ಹಿಡಿದುಕೊಂಡು ಮಲದೊಂದಿಗೆ ಹೊರಹೋಗುತ್ತದೆ. ಅಮೆರಿಕದಲ್ಲಿ ಕೊಲೆಸ್ಟ್ರಾಲ್ ಹೆಚ್ಚಿದ್ದ 3,806 ಪುರುಷರ ಮೇಲೆ ಏಳು ವರ್ಷಕ್ಕೂ ಮಿಕ್ಕಿ ನಡೆದು 1984ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಈ ಪುಡಿಯನ್ನು ಸೇವಿಸಿದವರಿಗೆ ಹೃದಯಾಘಾತ ಅಥವಾ ಹೃದಯದ ರಕ್ತನಾಳದ ಕಾಯಿಲೆಯಿಂದ ಸಾವು ಸಂಭವಿಸುವ ಅಪಾಯ ಶೇಕಡಾ 19ರಷ್ಟು ಕಡಿಮೆಯಾಯಿತು. ಕರುಳನ್ನು ದಾಟದ ಒಂದು ವಸ್ತು ಹೃದಯವನ್ನು ಕಾಯಬಲ್ಲದೆಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆಯನ್ನು ನಾನು ಕಂಡಿಲ್ಲ. ಓಟ್ಸ್, ಬಾರ್ಲಿ, ಬೇಳೆಕಾಳು, ಹಣ್ಣುಗಳಲ್ಲಿರುವ, ನೀರಿನಲ್ಲಿ ಕರಗಿ ಲೋಳೆಯಾಗುವ ನಾರು ಇದೇ ಕೆಲಸವನ್ನು ಸೌಮ್ಯವಾಗಿ ಮಾಡುತ್ತದೆ.

ನಾರಿನ ಕೆಲಸ ಅಲ್ಲಿಗೇ ಮುಗಿಯುವುದಿಲ್ಲ. ನಾವು ಅರಗಿಸಲಾರದ ನಾರು ದೊಡ್ಡ ಕರುಳು ತಲುಪಿ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಅವು ಅದನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಚಿಕ್ಕ ಕೊಬ್ಬಿನಾಮ್ಲಗಳನ್ನು ಉಂಟುಮಾಡುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳು ತಮ್ಮ ಶಕ್ತಿಯ ಬಹುಭಾಗವನ್ನು ಪಡೆಯುವುದು ಬ್ಯುಟಿರೇಟ್‌ನಿಂದ; ಆ ಪದರ ಗಟ್ಟಿಯಾಗಿದ್ದರೆ ಬ್ಯಾಕ್ಟೀರಿಯಾಗಳ ಹೊರಕವಚದ ತುಣುಕುಗಳು ರಕ್ತಕ್ಕೆ ನುಸುಳಿ ಉರಿಯೂತ ಎಬ್ಬಿಸುವುದು ತಪ್ಪುತ್ತದೆ. 185 ಅವಲೋಕನಾ ಅಧ್ಯಯನಗಳನ್ನೂ 58 ಪ್ರಯೋಗಗಳನ್ನೂ ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ನಾರನ್ನು ಬಹಳ ಕಡಿಮೆ ತಿನ್ನುವವರಿಗಿಂತ ಹೆಚ್ಚು ತಿನ್ನುವವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದಾಗುವ ಸಾವು ಶೇಕಡಾ 15ರಿಂದ 30ರಷ್ಟು ಕಡಿಮೆ ಇತ್ತು. ದಿನಕ್ಕೆ 25ರಿಂದ 29 ಗ್ರಾಂ ನಾರು ಸೇವಿಸಿದವರಲ್ಲಿ ಲಾಭ ಹೆಚ್ಚಾಗಿ ಕಂಡಿತು. ನಾರು ಹೆಚ್ಚು ತಿನ್ನುವವರು ಇತರ ವಿಷಯಗಳಲ್ಲೂ ಶಿಸ್ತಿನವರಿರಬಹುದಲ್ಲ ಎಂದು ನೀವು ಕೇಳಿದರೆ, ಆ ಸಂದೇಹ ನ್ಯಾಯವಾದದ್ದೇ. ಆದರೆ ಪ್ರಯೋಗಗಳಲ್ಲೂ ತೂಕ, ಕೊಲೆಸ್ಟ್ರಾಲ್, ರಕ್ತದೊತ್ತಡಗಳು ಇಳಿದದ್ದರಿಂದ ಸಂದೇಹದ ಬಲ ಸ್ವಲ್ಪ ಕುಗ್ಗುತ್ತದೆ.

ಇನ್ನು ಹೆಚ್ಚು ಸದ್ದು ಮಾಡಿದ ಟಿಎಂಎಒ ಎಂಬ ವಸ್ತುವಿನ ಕಥೆ. ಮೊಟ್ಟೆ ಮತ್ತು ಮಾಂಸದಲ್ಲಿರುವ ಕೋಲೀನ್, ಕೆಂಪು ಮಾಂಸದಲ್ಲಿ ಹೇರಳವಾಗಿರುವ ಕಾರ್ನಿಟೈನ್, ಇವನ್ನು ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ಒಡೆದಾಗ ಟ್ರೈಮೀಥೈಲ್ ಅಮೀನ್ ಎಂಬ ನಾರುವ ಅನಿಲ ಹುಟ್ಟುತ್ತದೆ. ಯಕೃತ್ತು ಅದಕ್ಕೆ ಆಮ್ಲಜನಕ ಸೇರಿಸಿ ಟಿಎಂಎಒ ಮಾಡುತ್ತದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಸ್ಟ್ಯಾನ್ಲಿ ಹೇಜನ್ ಅವರ ತಂಡ, ಇದು ಇಲಿಗಳ ರಕ್ತನಾಳಗಳಲ್ಲಿ ಕೊಬ್ಬು ಕಟ್ಟುವುದನ್ನು ಹೆಚ್ಚಿಸುತ್ತದೆಂದು 2011ರಲ್ಲಿ ತೋರಿಸಿತು. 2013ರಲ್ಲಿ ಅದೇ ತಂಡ 4,007 ರೋಗಿಗಳನ್ನು ಮೂರು ವರ್ಷ ಗಮನಿಸಿದಾಗ, ಟಿಎಂಎಒ ಅತಿ ಹೆಚ್ಚಿದ್ದ ಕಾಲು ಭಾಗದವರಿಗೆ ಅತಿ ಕಡಿಮೆ ಇದ್ದ ಕಾಲು ಭಾಗದವರಿಗಿಂತ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಅಪಾಯ ಸುಮಾರು ಎರಡೂವರೆ ಪಟ್ಟು ಇತ್ತು. ಇತರ ಅಪಾಯಗಳ ಲೆಕ್ಕ ಕಳೆದ ಮೇಲೆ ಆ ಅಂತರ ಬಹಳವೇ ತಗ್ಗಿತು, ಆದರೆ ಪೂರಾ ಅಳಿಯಲಿಲ್ಲ. ಆರೋಗ್ಯವಂತರಿಗೆ ಆ್ಯಂಟಿಬಯಾಟಿಕ್ ಕೊಟ್ಟು ಮೊಟ್ಟೆ ತಿನ್ನಿಸಿದಾಗ ಅವರ ರಕ್ತದಲ್ಲಿ ಟಿಎಂಎಒ ಹೆಚ್ಚುಕಡಿಮೆ ಮಾಯವಾಯಿತು. ಔಷಧ ನಿಲ್ಲಿಸಿದ ಮೇಲೆ ಮರಳಿ ಬಂತು. ಅದನ್ನು ತಯಾರಿಸುವವರು ಯಾರೆಂಬುದು ಹೀಗೆ ನಿಸ್ಸಂದೇಹವಾಯಿತು.

ಅಪರಾಧಿ ಅದೇ ಎಂಬುದು ಮಾತ್ರ ಅಷ್ಟು ನಿಸ್ಸಂದೇಹವಲ್ಲ. ಮೂತ್ರಪಿಂಡ ಸೊರಗಿದವರಲ್ಲಿ ಟಿಎಂಎಒ ಹೊರಹೋಗದೆ ರಕ್ತದಲ್ಲಿ ಉಳಿಯುತ್ತದೆ, ಮತ್ತು ಮೂತ್ರಪಿಂಡ ಸೊರಗಿದವರಿಗೆ ಹೃದಯದ ಕಾಯಿಲೆ ಹೇಗೂ ಹೆಚ್ಚು. ಅದಕ್ಕಿಂತ ಇಕ್ಕಟ್ಟಿನ ಪ್ರಶ್ನೆ ಸಮುದ್ರದ ಮೀನಿನದು. ಅದರಲ್ಲಿ ಟಿಎಂಎಒ ನೇರವಾಗಿಯೇ ಇರುತ್ತದೆ, ತಿಂದ ಕೂಡಲೇ ರಕ್ತದಲ್ಲಿ ಏರುತ್ತದೆ. ಆದರೂ ಮೀನು ತಿನ್ನುವವರಿಗೆ ಹೃದಯದ ಕಾಯಿಲೆ ಹೆಚ್ಚೆಂದು ಅಧ್ಯಯನಗಳು ಹೇಳುವುದಿಲ್ಲ. ಆದ್ದರಿಂದ ಈ ವಸ್ತುವನ್ನು ಅಪಾಯದ ಗುರುತೆಂದು ಸದ್ಯಕ್ಕೆ ಒಪ್ಪಬಹುದು, ಕಾರಣವೆಂದು ಒಪ್ಪಲು ಅವಸರ ಬೇಡ ಎಂಬುದು ನನ್ನ ಅಭಿಪ್ರಾಯ. ಒಳ್ಳೆಯ ಬ್ಯಾಕ್ಟೀರಿಯಾಗಳ ಗುಳಿಗೆ ನುಂಗಿ ಹೃದಯಾಘಾತವನ್ನು ತಪ್ಪಿಸಬಹುದೆಂಬ ಮಾತಿಗಂತೂ ಇಷ್ಟರ ಬಲವೂ ಇಲ್ಲ.

ಇಷ್ಟು ಹೊತ್ತು ಕರುಳಿನಿಂದ ಹೃದಯದ ಕಡೆಗೆ ನಡೆದೆವು. ದಾರಿ ಹಿಮ್ಮುಖವಾಗಿಯೂ ಇದೆ. ಹೃದಯ ವೈಫಲ್ಯದಲ್ಲಿ, ವಿಶೇಷವಾಗಿ ಅದರ ಬಲಭಾಗ ಸೋತಾಗ, ಹಿಂದಿರುಗಬೇಕಾದ ರಕ್ತ ಸಿರೆಗಳಲ್ಲೇ ತಡೆದು ನಿಂತು ಕರುಳಿನ ಗೋಡೆ ನೀರು ತುಂಬಿ ಊದಿಕೊಳ್ಳುತ್ತದೆ. ಹಸಿವು ಹೋಗುತ್ತದೆ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತದೆ, ಉಬ್ಬರ ಬಿಡುವುದಿಲ್ಲ. ಊದಿದ ಗೋಡೆ ಮಾತ್ರೆಗಳನ್ನೂ ಸರಿಯಾಗಿ ಹೀರಿಕೊಳ್ಳಲಾರದು. ನೀರಿಳಿಸುವ ಮಾತ್ರೆ ನಾಟದೆ ಹೋದಾಗ ವೈದ್ಯರು ಅದೇ ಔಷಧವನ್ನು ರಕ್ತನಾಳಕ್ಕೆ ಚುಚ್ಚಿ ಕೊಡುವುದು ಇದಕ್ಕಾಗಿಯೇ. ಹೃದಯ ವೈಫಲ್ಯವಿರುವವರು ಉಬ್ಬರವನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಹುಳಿತೇಗಿನ ಮಾತ್ರೆ ನುಂಗುತ್ತ ದಿನ ಕಳೆಯುವುದುಂಟು. ಆ ಉಬ್ಬರದ ಜೊತೆಗೆ ಕಾಲು ಊದಿದ್ದರೆ, ನಾಲ್ಕು ದಿನದೊಳಗೆ ತೂಕ ಎರಡು ಕಿಲೋ ಏರಿದ್ದರೆ, ಅಂಗಾತ ಮಲಗಿದಾಗ ಉಸಿರು ಕಟ್ಟಿದರೆ, ಅವರು ಕಾಣಬೇಕಾದದ್ದು ಹೃದಯದ ವೈದ್ಯರನ್ನು, ಅದೂ ಆ ದಿನವೇ.

ನಮಸ್ಕಾರ.