ಕನ್ನಡಿ ಎಲ್ಲಿ ನಿಲ್ಲಬೇಕು?

ಪುಣೆಯ ಕನ್ನಡ ಕೇಳುಗರಿಗೆ ನಮಸ್ಕಾರ.

ಸೌರವಿದ್ಯುತ್ ಅಂದ ಕೂಡಲೇ ನಮ್ಮ ಸೊಸೈಟಿಗಳ ತಾರಸಿ ಮೇಲಿನ ಪ್ಯಾನೆಲ್‌ಗಳು ನೆನಪಾಗುತ್ತವೆ. ಇನ್ನೊಂದು ಬಗೆಯ ಸ್ಥಾವರವಿದೆ. ಎತ್ತರದ ಗೋಪುರ, ಅದರತ್ತ ಮುಖಮಾಡಿದ ನೂರಾರು ಕನ್ನಡಿ. ಸೂರ್ಯ ಸರಿದಂತೆ ಕನ್ನಡಿಗಳೂ ತಿರುಗುತ್ತಾ ಬಿಸಿಲನ್ನೆಲ್ಲ ಗೋಪುರದ ತುದಿಗೆ ಹಾಯಿಸುತ್ತವೆ. ಆ ಶಾಖದಿಂದ ಹಬೆ, ಹಬೆಯಿಂದ ಕರೆಂಟು. ಸ್ಪೇನಿನ ಸೆವಿಲ್ ಹತ್ತಿರ 2007ರಲ್ಲಿ ಶುರುವಾದ ಪಿಎಸ್10 ಸ್ಥಾವರದಲ್ಲಿ ಇಂಥ 624 ಕನ್ನಡಿಗಳಿವೆ.

ಇವನ್ನು ಸುಮ್ನೆ ಸಾಲಾಗಿ ನಿಲ್ಲಿಸಿದರೆ ಆಗದು. ಬೆಳಿಗ್ಗೆ ಕೈಗನ್ನಡಿ ಹಿಡಿದು ತಾರಸಿಗೆ ಹೋಗಿ. ಸೂರ್ಯನೂ ಗೋಡೆಯೂ ನಿಮ್ಮ ಮುಂದೆಯೇ ಇದ್ದರೆ ಗೋಡೆಯ ಮೇಲೆ ಅಗಲವಾದ ಬೆಳಕು ಬೀಳುತ್ತದೆ. ಸೂರ್ಯ ಬೆನ್ನ ಹಿಂದಿದ್ದರೆ ಕನ್ನಡಿಯನ್ನು ಓರೆ ಮಾಡಲೇಬೇಕು, ಬೆಳಕು ಸಣ್ಣ ಪಟ್ಟಿಯಾಗುತ್ತದೆ. ಕನ್ನಡಿಯಿಂದ ನೋಡಿದಾಗ ಸೂರ್ಯ ಮತ್ತು ಗೋಪುರದ ನಡುವಿನ ಕೋನ 120 ಡಿಗ್ರಿ ಆದರೆ ನೂರು ಚದರ ಮೀಟರಿನ ಕನ್ನಡಿ ಐವತ್ತರಷ್ಟೇ ಬಿಸಿಲು ಹಿಡಿಯುತ್ತದೆ. ದುಡ್ಡು ಮಾತ್ರ ಪೂರ್ತಿ ಕೊಟ್ಟಿರುತ್ತೇವೆ, ಅಲ್ವಾ?

ಇನ್ನೊಂದು ತೊಂದರೆ ಒಂದು ಕನ್ನಡಿ ಇನ್ನೊಂದಕ್ಕೆ ಅಡ್ಡ ಬರುವುದು. ಬಾಲಗಂಧರ್ವದಲ್ಲಿ ನಾಟಕ ನೋಡುವಾಗ ಮುಂದಿನವರ ತಲೆ ಅಡ್ಡವಾಗುವ ಹಾಗೆ. ಅದಕ್ಕೇ ಮುಂದಿನ ಎರಡು ಕನ್ನಡಿಗಳ ಸಂದಿಗೆ ಹಿಂದಿನದನ್ನು ಇಡುತ್ತಾರೆ. ಗೋಪುರದಿಂದ ದೂರ ಹೋದಷ್ಟೂ ಕಿರಣ ತಗ್ಗಿ ಸಾಗುತ್ತದೆ, ಅಂತರ ಜಾಸ್ತಿ ಬೇಕಾಗುತ್ತದೆ.

ಸೊಲ್ಲಾಪುರದ ಕಡೆಯಿಂದ ಊರಿಗೆ ಹೋಗುವವರು ಸೂರ್ಯಕಾಂತಿ ಹೊಲ ನೋಡಿರುತ್ತೀರಿ. ಆ ಹೂವಿನಲ್ಲಿ ಒಂದು ಬೀಜದಿಂದ ಮುಂದಿನದಕ್ಕೆ ಸುಮಾರು 137.5 ಡಿಗ್ರಿ ತಿರುವು, ಬೀಜಗಳು ಸುರುಳಿಯಾಗಿ ಕೂರುತ್ತವೆ. ಹಾಗಾಗಿ ಯಾವ ಬೀಜವೂ ಇನ್ನೊಂದರ ಬೆನ್ನಿಗೆ ನೇರ ಕೂರುವುದಿಲ್ಲ. ಅಮೆರಿಕದ ಎಂಐಟಿ ಮತ್ತು ಜರ್ಮನಿಯ ಆಖೆನ್‌ನ ಸಂಶೋಧಕರು 2012ರಲ್ಲಿ ಇದೇ ಸುರುಳಿಯಲ್ಲಿ ಪಿಎಸ್10ರ ಕನ್ನಡಿಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ನೋಡಿದರು, ಹೊರಗೆ ಹೋದಂತೆ ಅಂತರ ಹಿಗ್ಗಿಸುತ್ತಾ. ಬಿಸಿಲೂ ಚೆನ್ನಾಗಿ ದಕ್ಕಿತು, ಜಾಗ ಸುಮಾರು 16 ಶೇಕಡ ಕಡಿಮೆ ಸಾಕಾಯಿತು! ಜಮೀನಿಗೆ ಇಷ್ಟು ಬೆಲೆಯಿರುವ ನಮ್ಮ ಕಡೆ ಇದು ದೊಡ್ಡ ಮಾತು.

ಆದರೆ ಸ್ಪೇನಿನ ನಕ್ಷೆಯನ್ನು ಹಾಗೇ ತಂದು ಇಲ್ಲಿ ಹಾಸಬಾರದು. ಅಲ್ಲಿ ನಡುಮಧ್ಯಾಹ್ನದ ಸೂರ್ಯ ಸದಾ ದಕ್ಷಿಣಕ್ಕೆ ವಾಲಿರುತ್ತಾನೆ, ಪಿಎಸ್10ರ ಕನ್ನಡಿಗಳು ಗೋಪುರದ ಉತ್ತರಕ್ಕಿವೆ. ಪುಣೆಯಲ್ಲಿ ಮೇ ಮಧ್ಯದ ಹೊತ್ತಿಗೆ ಸೂರ್ಯ ನೆತ್ತಿಗೇ ಬರುತ್ತಾನೆ. ಅಲ್ಲಿಂದ ಜುಲೈ ಕೊನೆಯವರೆಗೆ ನಡುಮಧ್ಯಾಹ್ನ ನಮ್ಮ ಉತ್ತರಕ್ಕಿರುತ್ತಾನೆ. ಹಾಗಾದರೆ ದಕ್ಷಿಣಕ್ಕೂ ಕನ್ನಡಿ ಬೇಡವೇ? ಬೇಕು. ಎಷ್ಟು ಅನ್ನುವುದೇ ಕಷ್ಟದ ಲೆಕ್ಕ. ಆ ದಿನಗಳಲ್ಲಿ ಬಹುಪಾಲು ಮಳೆಗಾಲ, ಮೋಡದಲ್ಲಿ ಚದುರಿದ ಬೆಳಕನ್ನು ಕನ್ನಡಿ ಒಂದೆಡೆ ಕೂಡಿಸಲಾರದು. ಇಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ಇದನ್ನು ಪ್ರಾಜೆಕ್ಟಾಗಿ ಎತ್ತಿಕೊಳ್ಳಲಿ ಅಂತ ನನ್ನ ಆಸೆ. ನಮಸ್ಕಾರ.